ರಾಯರ ಎರಡು ರೈಫಲ್, ಒಂದು ಮ್ಯಾಗಝೀನ್

ಒಂದೇ ಬಗೆಯ ತೋಟಾವನ್ನು ಹಾರಿಸುವ ಎರಡು ರೈಫಲ್‌ಗಳಿಗೆ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಕೊಳ್ಳುವುದು ಶುದ್ಧ ದುಂದುವೆಚ್ಚವೆಂಬುದು ನಮ್ಮ ಶೇಷಗಿರಿರಾಯರ ಸಿದ್ಧಾಂತ. ಟೆಕ್ಸಾಸಿನಲ್ಲಿ ನೆಲೆಸಿ ತಲೆ ನರೆತರೂ ಅವರ ಲೆಕ್ಕಾಚಾರ ಮಾತ್ರ ಚಿಕ್ಕಪೇಟೆಯನ್ನು ಬಿಟ್ಟು ಬಂದಿಲ್ಲ. ರೂಗರ್ ಕಂಪನಿಯು 1964ರಿಂದ ತಯಾರಿಸುತ್ತಿರುವ 10/22 ಎಂಬ, ಪ್ರತಿ ಗುಂಡಿನ ಬಳಿಕ ತಾನಾಗಿಯೇ ಮುಂದಿನ ತೋಟಾವನ್ನು ತುಂಬಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ರೈಫಲ್ ಅವರಲ್ಲಿದೆ. ಅದರ ಜೊತೆಗೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಪ್ರತಿ ಗುಂಡಿಗೂ ಕೈಯಿಂದಲೇ ಎಳೆಯಬೇಕಾದ ಇನ್ನೊಂದನ್ನು ತರಬೇಕೆಂಬ ಆಸೆ ಈಚೆಗೆ ಹುಟ್ಟಿಕೊಂಡಿದೆ.

"ಎರಡೂ ನುಂಗುವುದು ಅದೇ .22 ಲಾಂಗ್ ರೈಫಲ್ ತೋಟಾವನ್ನಲ್ಲವೇ? ಹಾಗಿದ್ದ ಮೇಲೆ ಒಂದರ ಬೋಲ್ಟು, ಟ್ರಿಗರು, ನಳಿಗೆ ಇನ್ನೊಂದಕ್ಕೆ ಏಕೆ ಆಗಬಾರದು?" ಎಂದು ಅವರು ಶನಿವಾರದ ಕೂಟದಲ್ಲಿ ಸವಾಲು ಹಾಕಿದರು.

ಉತ್ತರ ಕೊಡಬೇಕಾದವರು ಮುತ್ತಣ್ಣನವರೇ. ವಿರಾಜಪೇಟೆಯ ಕಡೆಯವರು, ಕೋವಿಯನ್ನು ಪೂಜಿಸುವ ಮನೆಯಲ್ಲಿ ಹುಟ್ಟಿ, ಇಲ್ಲಿ ಲೋಹ ಕೊರೆಯುವ ಕಾರ್ಖಾನೆಯೊಂದರಲ್ಲಿ ದುಡಿಯುವವರು. "ರಾಯರೇ, ನಿಮ್ಮ ಮನೆಯ ಎರಡು ಕುಕ್ಕರುಗಳೂ ಬೇಯಿಸುವುದು ಅದೇ ಸೋನಾಮಸೂರಿ ಅಕ್ಕಿಯನ್ನು. ಒಂದರ ಗ್ಯಾಸ್ಕೆಟ್ಟನ್ನು ಇನ್ನೊಂದಕ್ಕೆ ಹಾಕಿ ನೋಡಿದ್ದೀರಾ?" ಎಂದು ಅವರು ಕೇಳಿದರು.

"ಹಾಕಿ ನೋಡಿದ್ದಾರೆ. ಅಡುಗೆಮನೆಯ ಸೂರಿಗೆ ಹೊಸ ಬಣ್ಣ ಬಳಿಸಿದ್ದು ಆಮೇಲೆಯೇ" ಎಂದು ರಾಯರ ಮಡದಿ ಪದ್ಮಾವತಿಯವರು ಒಳಗಿನಿಂದಲೇ ಸಾಕ್ಷಿ ನುಡಿದರು.

ಮುತ್ತಣ್ಣನವರು ರಾಯರ ರೈಫಲ್ಲನ್ನು ಕೈಗೆತ್ತಿಕೊಂಡು, ತೋಟಾ ತುಂಬಿಡುವ ಡಬ್ಬಿಯಾದ ಮ್ಯಾಗಝೀನ್ ತೆಗೆದು, ನಳಿಗೆಯ ಹಿಂತುದಿಯ ಗೂಡಿನಲ್ಲಿ ತೋಟಾ ಉಳಿದಿಲ್ಲವೆಂದು ಕಣ್ಣಿನಿಂದ ಒಮ್ಮೆ, ಕಿರುಬೆರಳಿನಿಂದ ಒಮ್ಮೆ ಖಚಿತಪಡಿಸಿಕೊಂಡು, ಬಿಚ್ಚಿ, ಬೋಲ್ಟನ್ನು ಮೇಜಿನ ಮೇಲಿಟ್ಟರು. ಅದು ಚೌಕಾಕಾರದ ಉಕ್ಕಿನ ಗಟ್ಟಿ. "ಇದಕ್ಕೆ ಬೀಗವೇ ಇಲ್ಲ. ಗುಂಡು ಮುಂದಕ್ಕೆ ಹಾರುವಾಗ ತೋಟಾದ ಖಾಲಿ ಹಿತ್ತಾಳೆ ಕೋಶವು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯುವುದು ಈ ಗಟ್ಟಿಯ ತೂಕ ಮತ್ತು ಅದರ ಸ್ಪ್ರಿಂಗು, ಅಷ್ಟೇ. ಒತ್ತಡ ಇಳಿಯುವವರೆಗೆ ತಡೆದುಕೊಂಡು, ಬಳಿಕ ಹಿಂದೆ ಸರಿದು, ಕೋಶವನ್ನು ಹೊರಗೆಸೆದು, ಮರಳಿ ಬರುವಾಗ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ನೀವು ತರಬೇಕೆಂದಿರುವ ರೈಫಲ್ಲಿನ ಬೋಲ್ಟು ದುಂಡಗಿನ ಸಲಾಕೆ. ಅದರ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ ಬೀಗ ಬೀಳುತ್ತದೆ, ನೀವಾಗಿ ಎತ್ತುವವರೆಗೆ ಅದು ಅಲುಗಾಡುವುದಿಲ್ಲ. ಒಂದರ ಕೆಲಸವೇ ಸರಿಯುವುದು, ಇನ್ನೊಂದರ ಕೆಲಸವೇ ಸರಿಯದಿರುವುದು. ಇವೆರಡನ್ನು ಅದಲುಬದಲು ಮಾಡುವುದು ಎಲ್ಲಿಯ ಮಾತು?"

"ಬೋಲ್ಟು ಹೋಗಲಿ, ಟ್ರಿಗರು ಟ್ರಿಗರೇ ತಾನೇ?" ಎಂದು ರಾಯರು ಒಂದು ಮೆಟ್ಟಿಲು ಇಳಿದರು.

ಅದೂ ಅಲ್ಲವೆಂದು ತಿಳಿಯಿತು. 10/22ರ ಟ್ರಿಗರಿನ ಪೆಟ್ಟಿಗೆಯೊಳಗೆ ಪುಟ್ಟ ಸುತ್ತಿಗೆಯೊಂದಿದ್ದು, ಅದು ಎದ್ದು ಬಂದು ಬೋಲ್ಟಿನ ಹಿಂಬದಿಗೆ ಬಡಿಯುತ್ತದೆ. ಜೊತೆಗೆ ಒಮ್ಮೆ ಒತ್ತಿದರೆ ಒಂದೇ ಗುಂಡು ಹೋಗುವಂತೆ ನೋಡಿಕೊಳ್ಳುವ ಕೊಂಡಿಯೂ ಇದೆ. ಬೋಲ್ಟ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಸುತ್ತಿಗೆಯೇ ಇರುವುದಿಲ್ಲ. ಬೋಲ್ಟಿನ ಒಳಗೇ ಸ್ಪ್ರಿಂಗಿನಿಂದ ಬಿಗಿದು ಕುಳಿತ ಮೊಳೆಯನ್ನು ಟ್ರಿಗರು ಬಿಟ್ಟುಕೊಡುತ್ತದೆ, ಅಲ್ಲಿಗೆ ಅದರ ಜವಾಬ್ದಾರಿ ಮುಗಿಯಿತು.

ನಳಿಗೆಯ ವಿಷಯಕ್ಕೆ ಬಂದಾಗ ರಾಯರು ಅರದ ಮಾತೆತ್ತಿದರು. ಸ್ವಲ್ಪ ಉಜ್ಜಿದರೆ ಯಾವುದು ತಾನೇ ಕೂರುವುದಿಲ್ಲ ಎಂಬುದು ಅವರ ಜೀವನಾನುಭವ. ಮುತ್ತಣ್ಣನವರ ಮುಖದಲ್ಲಿ ಅಲ್ಲಿಯವರೆಗೆ ಇದ್ದ ನಗು ಹೋಯಿತು. ರಿಮ್‌ಫೈರ್ ಎನ್ನುವ ಈ ಬಗೆಯ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಇರುವುದು ಹಿಂಭಾಗದ ಅಂಚಿನ ಮಡಿಕೆಯೊಳಗೆ. ಮೊಳೆ ಬಡಿಯುವುದೂ ಆ ಅಂಚಿಗೇ. ಬೋಲ್ಟಿಗೂ ನಳಿಗೆಗೂ ನಡುವೆ ಅಂಚಿಗೆ ಬಿಡುವ ಜಾಗ ಸುಮಾರು 1.1 ಮಿಲಿಮೀಟರ್ ಮಾತ್ರ. ನಳಿಗೆಯ ಬಾಯಿಯಲ್ಲಿ ಕೋಶವನ್ನು ಎಳೆಯುವ ಕೊಕ್ಕೆಗೆಂದು ಕಡಿದ ಕಚ್ಚು ಆಯಾ ಬೋಲ್ಟಿನ ಕೊಕ್ಕೆಗೇ ಹೊಂದಬೇಕು. ಅರ ಹಿಡಿದು ಅಂದಾಜಿನ ಮೇಲೆ ಉಜ್ಜಿದರೆ ತೆಳು ಹಿತ್ತಾಳೆಯ ಕೋಶಕ್ಕೆ ಆಸರೆ ತಪ್ಪಿ, ಅದು ಮುಖದ ಹತ್ತಿರವೇ ಬಿರಿಯಬಹುದು. "ಆಗ ಬಣ್ಣ ಬಳಿಸಬೇಕಾದದ್ದು ಸೂರಿಗಲ್ಲ" ಎಂದಷ್ಟೇ ಹೇಳಿ ಅವರು ನಿಲ್ಲಿಸಿದರು. ರಾಯರು ಅರದ ವಿಚಾರವನ್ನು ಕೈಬಿಟ್ಟರು.

"ಹಾಗಾದರೆ ಹಂಚಿಕೊಳ್ಳಲು ಏನೂ ಇಲ್ಲವೇ?"

ಇದೆ, ಮ್ಯಾಗಝೀನ್ ಇದೆ. ನನಗೆ ಈ ಹರಟೆಯಲ್ಲಿ ರುಚಿ ಹತ್ತಿದ್ದು ಇಲ್ಲಿಂದ. ಅಂಗೈಯಲ್ಲಿ ಅಡಗುವ ಆ ಕಪ್ಪು ಡಬ್ಬಿಯೊಳಗೆ ಹಲ್ಲುಗಳಿರುವ ಚಕ್ರವೊಂದು ತಿರುಗುತ್ತದೆ. ಒಂದೊಂದು ಸಂದಿಗೆ ಒಂದೊಂದರಂತೆ ಹತ್ತು ತೋಟಾಗಳು ಕೂರುತ್ತವೆ. ಅಂಚು ಉಬ್ಬಿದ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡು ಜಗಳ ತೆಗೆಯುವುದುಂಟು. ಚಕ್ರವಿದ್ದರೆ ಅಕ್ಕಪಕ್ಕದವರ ಮುಖ ನೋಡುವ ಪ್ರಸಂಗವೇ ಇಲ್ಲ. ಡಬ್ಬಿ ಪ್ಲಾಸ್ಟಿಕ್ಕಾದರೂ ತೋಟಾ ಹೊರಬರುವ ತುಟಿ ಉಕ್ಕಿನದು. ಮೇಲಿರುವ ಬೋಲ್ಟು ತಾನಾಗಿ ಬಂತೋ, ಯಾರಾದರೂ ತಳ್ಳಿದರೋ ಎಂಬುದು ಆ ತುಟಿಗೆ ಬೇಕಾಗಿಲ್ಲ. ಆದ್ದರಿಂದಲೇ ರೂಗರ್ ಕಂಪನಿಯು 1983ರಲ್ಲಿ 77/22 ಎಂಬ ಬೋಲ್ಟ್ ರೈಫಲ್ಲನ್ನು ತಂದಾಗ ಹೊಸ ಮ್ಯಾಗಝೀನ್ ಮಾಡುವ ಗೋಜಿಗೆ ಹೋಗದೆ ಇದೇ ಡಬ್ಬಿಗೆ ಜಾಗ ಮಾಡಿಕೊಟ್ಟಿತು. ಆ ಬಳಿಕ ಬಂದ, ಅಗ್ಗದ ಅಮೆರಿಕನ್ ರಿಮ್‌ಫೈರ್ ಮಾದರಿಯ, .22 ಲಾಂಗ್ ರೈಫಲ್ ತೋಟಾದ ಬೋಲ್ಟ್ ರೈಫಲ್ ಕೂಡ ಅದನ್ನೇ ಒಪ್ಪಿಕೊಳ್ಳುತ್ತದೆ.

ರಾಯರ ಮುಖ ಅರಳಿತು. ಆದರೆ ಮುತ್ತಣ್ಣನವರು ಒಂದು ಎಚ್ಚರಿಕೆ ಸೇರಿಸಿದರು: ಇದು ನಿಸರ್ಗದ ನಿಯಮವಲ್ಲ, ತಯಾರಕರ ಮರ್ಜಿ. ಚೆಕ್ ದೇಶದ ಸಿಝಡ್‌ನವರ ಸೆಮಿ-ಆಟೊ 512ಕ್ಕೆ ಅವರದೇ ಬೋಲ್ಟ್ ರೈಫಲ್ 455ರ ಮ್ಯಾಗಝೀನ್ ಹೊಂದುತ್ತದೆ. ಎರಡರ ನೆತ್ತಿಯ ಮೇಲೂ 11 ಮಿಲಿಮೀಟರಿನ ಅದೇ ಹಳಿಯಿರುವುದರಿಂದ ದುರ್ಬೀನನ್ನೂ ಅದರ ಬಳೆಗಳ ಸಮೇತ ಇಲ್ಲಿಂದಲ್ಲಿಗೆ ಸಾಗಿಸಬಹುದು. ಸ್ಯಾವೇಜ್ ಕಂಪನಿಯವರ ಸೆಮಿ-ಆಟೊ 64 ಮತ್ತು ಬೋಲ್ಟಿನ ಮಾರ್ಕ್ 2 ಒಂದೇ ಮನೆತನದವಾದರೂ ಮ್ಯಾಗಝೀನಿನ ಮಟ್ಟಿಗೆ ಮಾತು ಬಿಟ್ಟಿವೆ. ಅಂಗಡಿಯಲ್ಲಿ ಅಕ್ಕಪಕ್ಕ ತೂಗುಹಾಕಿರುವುದನ್ನು ನೋಡಿ ಮೋಸಹೋಗುವವರು ಇದ್ದೇ ಇರುತ್ತಾರೆ.

"ಒಂದೇ ರೈಫಲ್ ಎರಡೂ ಕೆಲಸ ಮಾಡಿದ್ದರೆ ಈ ಪಾಡೇ ಇರುತ್ತಿರಲಿಲ್ಲ" ಎಂದು ರಾಯರು ನಿಟ್ಟುಸಿರಿಟ್ಟರು.

ಅಂಥದ್ದೂ ಇತ್ತಂತೆ. ಸ್ಟೀವನ್ಸ್ ಮತ್ತು ಸ್ಯಾವೇಜ್ ಹೆಸರಿನಲ್ಲಿ ಬರುತ್ತಿದ್ದ, ಪಕ್ಕೆಯಲ್ಲಿ ಮೀನಿನ ಕಿವಿರಿನಂತಹ ಸೀಳುಗಳಿದ್ದ ಹಳೆಯ ರೈಫಲ್ಲಿನಲ್ಲಿ, ಬೋಲ್ಟಿನ ಹಿಡಿಯನ್ನು ಒಳಕ್ಕೆ ಒತ್ತಿದರೆ ಬೀಗ ಬಿದ್ದು ಅದು ಕೈಯಿಂದ ಎಳೆಯುವ ರೈಫಲ್ಲಾಗುತ್ತಿತ್ತು, ಬಿಟ್ಟರೆ ಸೆಮಿ-ಆಟೊ ಆಗುತ್ತಿತ್ತು. ಇದು ಚಮತ್ಕಾರಕ್ಕೆ ಮಾಡಿದ ಏರ್ಪಾಡಲ್ಲ. ಸೆಮಿ-ಆಟೊಗೆ ತೋಟಾದ ಒದೆತವೇ ಕೂಲಿ. ಕೂಲಿ ಕಡಿಮೆಯಾದರೆ ಅದು ಕೆಲಸ ನಿಲ್ಲಿಸುತ್ತದೆ. ಸೆಕೆಂಡಿಗೆ 1,200 ಅಡಿಗೂ ಮೇಲಿನ ವೇಗದ ತೋಟಾ ಕೊಟ್ಟರೆ ಉತ್ಸಾಹದಿಂದ ದುಡಿಯುತ್ತದೆ. ಸದ್ದು ಕಡಿಮೆಯಿರಲೆಂದೇ ಮಾಡಿದ 710 ಅಡಿಯ ತೋಟಾ ಕೊಟ್ಟರೆ ಕೋಶವನ್ನು ಹೊರಗೆಸೆಯಲೂ ಸೋಮಾರಿತನ ತೋರಿಸುತ್ತದೆ. ಬೋಲ್ಟಿನ ರೈಫಲ್ಲಿಗೆ ಈ ಹಂಗಿಲ್ಲ, ದುಡಿಯುವುದು ನಮ್ಮ ತೋಳು. ನನ್ನನ್ನು ಕೇಳಿದರೆ, ಎರಡನೆಯ ರೈಫಲ್ ಕೊಳ್ಳಲು ಇದೊಂದೇ ಕಾರಣ ಸಾಕು. ಬಿಡಿಭಾಗಗಳ ಉಳಿತಾಯವೆಲ್ಲ ಮನೆಯವರ ಸಮಾಧಾನಕ್ಕೆ ಹೇಳುವ ಮಾತು.

ಬಿಡಿಭಾಗಗಳ ಅದಲುಬದಲಿನ ಕಲ್ಪನೆ ಈ ದೇಶದಲ್ಲಿ ಬೇರೂರಿದ್ದೇ ಬಂದೂಕಿನಿಂದ ಎಂಬುದನ್ನು ನಾನು ನೆನಪಿಸಿದೆ. 1798ರಲ್ಲಿ 10,000 ಬಂದೂಕುಗಳನ್ನು ಎರಡು ವರ್ಷಗಳಲ್ಲಿ ಮಾಡಿಕೊಡುವುದಾಗಿ ಸರ್ಕಾರದಿಂದ ಗುತ್ತಿಗೆ ಪಡೆದ ಅಮೆರಿಕದ ಆವಿಷ್ಕಾರಕ ಈಲೈ ವಿಟ್ನಿ, ಗಡುವು ಮೀರಿದ ಮೇಲೆ, 1801ರಲ್ಲಿ ವಾಷಿಂಗ್ಟನ್ನಿನ ದೊಡ್ಡವರ ಮುಂದೆ ಬಿಡಿಭಾಗಗಳನ್ನು ಅದಲುಬದಲು ಮಾಡಿ ಜೋಡಿಸಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡ. ಅವನ ಬಂದೂಕುಗಳ ಭಾಗಗಳು ನಿಜವಾಗಿ ಹಾಗೆ ಹೊಂದುತ್ತಿರಲಿಲ್ಲವೆಂದು ಇತಿಹಾಸಕಾರರು ಆಮೇಲೆ ಪತ್ತೆಹಚ್ಚಿದರು. ಗುತ್ತಿಗೆ ಮುಗಿದದ್ದು 1809ರಲ್ಲಿ.

"ನೋಡಿ, ದೊಡ್ಡವರೂ ನನ್ನ ಹಾದಿಯಲ್ಲೇ ನಡೆದವರು" ಎಂದು ರಾಯರು ಹಿಗ್ಗಿ, ಕಾಗದದ ಮೇಲೆ ಲೆಕ್ಕ ಹಾಕಿದರು. ಮ್ಯಾಗಝೀನ್ ಈಗಾಗಲೇ ಮನೆಯಲ್ಲಿದೆ. ಎರಡಕ್ಕೂ ಅದೇ ಆಗುತ್ತದೆ. ಆದಕಾರಣ ಅಮೆರಿಕನ್ ರಿಮ್‌ಫೈರ್ ಕೊಳ್ಳುವುದೆಂದರೆ ವಾಸ್ತವವಾಗಿ ಉಳಿತಾಯವೇ.

ಕಾಫಿ ತಂದ ಪದ್ಮಾವತಿಯವರು ಕಾಗದವನ್ನು ಮೇಲಿನಿಂದ ಕೆಳಗೆ ಓದಿದರು. "ಧಾರಾಳವಾಗಿ ತನ್ನಿ. ಆ ಬೋಲ್ಟಿನ ರೈಫಲ್ ನನಗಿರಲಿ, ಗುರಿ ಕಲಿಯುತ್ತೇನೆ. ನೀವು ನಿಮ್ಮದನ್ನು ಹಾರಿಸಿ ಮುಗಿಸುವವರೆಗೆ ಮ್ಯಾಗಝೀನಿಗಾಗಿ ಕಾದು ನಿಲ್ಲುವುದು ಮಾತ್ರ ನನ್ನಿಂದಾಗದು. ನನ್ನ ಪಾಲಿಗೆ ಮೂರು ಹೊಸದು ಬರೆದುಕೊಳ್ಳಿ."