ಅಜ್ಜನ ಪ್ಲೇಟ್ ಕ್ಯಾಮೆರಾ ರಿಪೇರಿ ಆಯ್ತು, ಆದ್ರ ಮುಖ ಮಸುಕು, ಹಿಂದಿನ ಕ್ಯಾಲೆಂಡರ್ ಶಾರ್ಪ್. ಯಾಕ್ರಿ?

ಪ್ರಶ್ನೆ (ಕಲಬುರಗಿ):
ಶರಣ್ರಿ ಎಲ್ಲರಿಗೂ. ನಮ್ಮ ಅಜ್ಜ ಶಹಾಬಾದದಾಗ ಸ್ಟುಡಿಯೋ ಇಟ್ಟಿದ್ರು, ಅವರ ಹಾಫ್ ಪ್ಲೇಟ್ ಕ್ಯಾಮೆರಾ (ಗಾಜಿನ ಪ್ಲೇಟ್ ಮ್ಯಾಲ ಫೋಟೋ ತೆಗಿಯೋ ಹಳೇ ಕಟ್ಟಿಗಿ ಕ್ಯಾಮೆರಾ) ಭಾಳ ವರ್ಷದಿಂದ ಅಟ್ಟದ ಮ್ಯಾಲ ಬಿದ್ದಿತ್ತು. ಸಾಗವಾನಿ ಕಟ್ಟಿಗಿ, ಹಿತ್ತಾಳಿ ಪಟ್ಟಿ, ಲೆನ್ಸ್ ಮ್ಯಾಲ 21 ಸೆಂ.ಮೀ ಅಂತ ಬರದದ, ಶಟರ್ ಇಲ್ಲ, ಮುಚ್ಚಳ ತೆಗದು ಹಾಕೋದೇ. ಫೋಕಸ್ ನೋಡೋ ಹಿಂದಿನ ಗಾಜು ಒಡದಿತ್ತು, 4 ಮಿಲಿಮೀಟರ್ ಗಾಜು ಕಟ್ ಮಾಡಿಸ್ಕೊಂಡು ಬಂದು ಗ್ಯಾರೇಜಿನೋರ ಹತ್ರ ವಾಲ್ವ್ ಪೇಸ್ಟ್ ಇಸ್ಕೊಂಡು ಎರಡು ದಿನ ತಿಕ್ಕಿ ಮಂಜುಗಾಜು ಮಾಡೀನಿ. ಗಾಜಿನ್ಯಾಗ ಅಮ್ಮನ ಮುಖ ತಲಿಕೆಳಗ ಮಸ್ತ್ ಕಾಣ್ತದ, ಆದ್ರ ಪೇಪರ್ ನೆಗೆಟಿವ್ (ಪ್ಲೇಟ್ ಬದಲಿ ಫೋಟೋ ಪೇಪರ್ ಹಾಕಿ ತೆಗದದ್ದು) ಡೆವಲಪ್ ಮಾಡಿದ್ರ ಮುಖ ಮಸುಕು, ಅಮ್ಮನ ಹಿಂದ ಒಂದು ಗೇಣು ದೂರ ಗೋಡಿಗಿ ಹಾಕಿದ ಕ್ಯಾಲೆಂಡರಿನ ತಾರೀಖು ಓದ್ಲಾಕ ಬರ್ತದ! ಕಿಟಕಿ ಬಲ್ಲಿ ಕೂಡ್ಸಿ ಲೆನ್ಸ್ ತೂತು ಎಫ್ 8, ಮುಚ್ಚಳ ತೆಗದದ್ದು 5 ಸೆಕೆಂಡ್. ಅಮ್ಮ ಅಲುಗ್ಯಾಳ ಅಂತ ಅದೇ ಜಾಗಾದಾಗ ಬಿಸ್ಕೀಟ್ ಡಬ್ಬಿ ಇಟ್ಟು ತೆಗದೆ, ಅದೂ ಹಂಗೇ. ಲೆನ್ಸ್ ಹೋಗ್ಯಾದ, ಬ್ಯಾರೆ ತಗೋ ಅಂತ ಒಬ್ಬರು ಅಂದ್ರು, ಹದಿನೆಂಟು ಸಾವಿರ ಹೇಳ್ಯಾರ. ತಗೋಬೇಕಾ?

ಉತ್ತರ (ಹಳೇ ಸ್ಟುಡಿಯೋ ಫೋಟೋಗ್ರಾಫರ್, ಈಗ ಕ್ಯಾಮೆರಾ ರಿಪೇರಿ):
ಲೆನ್ಸಿಗಿ ಒಂದ್ ರೂಪಾಯಿ ಸುದ್ದಾ ಹಾಕಬ್ಯಾಡ್ರಿ. ಕ್ಯಾಲೆಂಡರ್ ತಾರೀಖು ಬಂದದ ಅಂದ್ರ ಲೆನ್ಸ್ ತನ್ನ ಕೆಲಸ ಮಾಡ್ಲತ್ತದ. ಡಬ್ಬಿ ಇಟ್ಟು ನೋಡಿದ್ದು ಶಾಣ್ಯಾ ಕೆಲಸ. ಒಂದೇ ಹೇಳ್ರಿ, ಗಾಜಿನ ಖರಬರ ಮೈ ಯಾ ಕಡಿ ಅದ? ಲೆನ್ಸ್ ಕಡಿನಾ, ನಿಮ್ಮ ಕಣ್ಣಿನ ಕಡಿನಾ?

ಪ್ರಶ್ನೆ ಕೇಳಿದವರು:
ನನ್ನ ಕಡಿ ಸರ್. ನುಣ್ಣಂದು ಒಳಗ ಇದ್ರ ಒರಸ್ಲಾಕ ಸರಳ ಆಗ್ತದ ಅಂತ…

ಉತ್ತರ:
ಸಿಕ್ತು ನೋಡ್ರಿ. ಚಿತ್ರ ಮೂಡೋದು ಖರಬರ ಮೈ ಮ್ಯಾಲ, ಆ ಮೈ ಲೆನ್ಸ್ ಕಡೀನೇ ಇರ್ಬೇಕು. ಯಾಕಂದ್ರ ಸ್ಲೈಡ್ (ಪ್ಲೇಟ್ ಇಲ್ಲಾ ಪೇಪರ್ ಇಡೋ ಪೆಟ್ಟಿಗಿ) ಹಾಕಿದಾಗ ಪೇಪರಿನ ಮಸಾಲಿ (ಬೆಳಕು ಹಿಡಿಯೋ ಲೇಪ) ಇರೋ ಮುಖ ಎಲ್ಲಿ ಬಂದು ಕೂಡ್ತದೋ ಬರೋಬರಿ ಅಲ್ಲೇ ಆ ಮೈ ಇರ್ಬೇಕು ಅಂತ ಅಜ್ಜನ ಕಾಲದ ಬಡಿಗ್ಯಾರು ಚೌಕಟ್ಟಿಗಿ ಕಚ್ಚು ಹೊಡದಿರ್ತಾರ. ನೀವು ತಿರುವಿ ಹಾಕೀರಿ ಅಂದ್ರ ಖರಬರ ಮೈ 4 ಮಿಲಿ ಹಿಂದ ಸರೀತು. ಗಾಜಿನೊಳಗ ಬೆಳಕು ಬಾಗೋದ್ರಿಂದ ಅದರಾಗ ಮೂರನೇ ಒಂದು ಪಾಲು ಹೊಂದ್ಕೊಂಡು ಹೋಗ್ತದ, ಉಳಿಯೋ ತಪ್ಪು ಎರಡೂವರಿ ಮಿಲಿ ಮ್ಯಾಲೇ. ಅಷ್ಟೇನಾ ಅನಬ್ಯಾಡ್ರಿ, 21 ಸೆಂ.ಮೀ ಲೆನ್ಸಿನ್ಯಾಗ 2 ಮೀಟರ್ ದೂರ ಕೂತೋರಿಗಿ ಫೋಕಸ್ ಹಿಡದ್ರ ಈ ಎರಡೂವರಿ ಮಿಲಿಗಿ ಫೋಕಸ್ 20 ಸೆಂ.ಮೀ ಹಿಂದ ಹೋಗಿ ಬೀಳ್ತದ. ನಿಮ್ಮ ಕ್ಯಾಲೆಂಡರ್ ಇದ್ದದ್ದು ಒಂದು ಗೇಣು ಅಂದ್ರಲ್ಲ, ಅದೇ ಲೆಕ್ಕ.

ಗಾಜು ತಿರುವಿ ಹಾಕ್ರಿ, ಆಗ ಗಾಜು 2 ಮಿಲಿ ಇರ್ಲಿ 4 ಮಿಲಿ ಇರ್ಲಿ ಫರಕ್ ಬೀಳಲ್ಲ. ಆಮ್ಯಾಲ ಲೇಥ್ ಅಂಗಡ್ಯಾಗ ವರ್ನಿಯರ್ ಇರ್ತದ, ಅದರ ಬಾಲದ ಕಡ್ಡಿಲಿಂದ ಚೌಕಟ್ಟಿನ ಅಂಚಿನಿಂದ ಖರಬರ ಮೈ ತನಕ ಆಳ ಅಳೀರಿ, ಸ್ಲೈಡಿನ ಅಂಚಿನಿಂದ ಪೇಪರ್ ತನಕ ಅಳೀರಿ, ಎರಡೂ ಒಂದೇ ಬರ್ಬೇಕು. ಇನ್ನೊಂದು, ಅಜ್ಜನ ಸ್ಲೈಡ್ ಗಾಜಿನ ಪ್ಲೇಟಿಗಿ ಮಾಡಿದ್ದು. ಪೇಪರ್ ಒಂದೇ ಹಾಕಿದ್ರ ಹಿಂದ ಬಾಗಿ ಬೀಳ್ತದ. ಹಳೇ ಪ್ಲೇಟ್ ಒಂದು ಬೆನ್ನಿಗಿ ಕೊಡ್ರಿ, ಸ್ಪ್ರಿಂಗ್ ಒತ್ತಿ ಮುಂದ ಕೂಡಸ್ತದ.

ನಾನೂ ಹೊಸದಾಗಿ ಕೆಲಸಕ್ಕ ಸೇರ್ದಾಗ ಇದೇ ಮಾಡ್ದಂವ. ಎಫ್ 32 ಅಂತ ಲೆನ್ಸ್ ತೂತು ಭಾಳ ಸಣ್ಣ ಇಟ್ಟು ತೆಗದಾಗೆಲ್ಲ ಹಿಂದು ಮುಂದು ಎಲ್ಲ ಛಲೋ ಬಂದು ತಪ್ಪು ಮುಚ್ಚಿಹೋಗ್ತಿತ್ತು, ಒಂದು ಮದುವಿ ಮನ್ಯಾಗ ಬೆಳಕು ಕಮ್ಮಿ ಅಂತ ಪೂರಾ ತೆರದು ತೆಗದೆ, ನೆಗೆಟಿವ್ ನೋಡಿ ಮಾಲಕ ಬೈದಿದ್ದು ಇನ್ನೂ ಕಿವ್ಯಾಗ ಅದ.

ಬೀದರಿನಿಂದ ಒಬ್ಬರು:
ಸರ್ ನಾ ಪ್ಲೈವುಡ್ಡಿಲಿಂದ 4×5 ಇಂಚಿನ ಕ್ಯಾಮೆರಾ ಮಾಡ್ಲತ್ತೀನಿ, ಫಿಲ್ಮ್ ಇಡೋ ಹೋಲ್ಡರ್ ಮಾತ್ರ ರೆಡಿಮೇಡ್ ತರ್ಸೀನಿ. ಗಾಜು ಎಷ್ಟು ಒಳಗ ಕೂಡಸ್ಬೇಕು? ಮತ್ತ ಲೆನ್ಸಿನ ರಿಂಗ್ ನಮ್ಮ ಓಣ್ಯಾಗ ಬಿದ್ರಿ ಕೆಲಸದೋರ ಹತ್ರ ಮಾಡಸ್ಬಹುದಾ?

ಉತ್ತರ:
ಸ್ಟ್ಯಾಂಡರ್ಡ್ 4×5 ಹೋಲ್ಡರಿನ್ಯಾಗ ಫಿಲ್ಮ್ ಕೂಡೋ ಆಳ 0.197 ಇಂಚು, ಅಂದ್ರ 5 ಮಿಲಿ. ಖರಬರ ಮೈಯಿನೂ ಅಷ್ಟೇ ಆಳಕ್ಕ ಕೂಡಸ್ರಿ. ಪೈಲಾ ಇದು ಮಾಡ್ಕೊಂಡು ಆಮ್ಯಾಲ ಪಾಲಿಶ್, ಬಣ್ಣ ಎಲ್ಲ ಮಾಡ್ರಿ, ಮಂದಿ ಹಿತ್ತಾಳಿ ಹೊಳಸೋದ್ರಾಗೇ ಆರು ತಿಂಗಳ ಕಳೀತಾರ. ಬಿದ್ರಿ ಬ್ಯಾಡ, ಅದು ಸತುವಿನ ಎರಕ, ಸಣ್ಣ ಥ್ರೆಡ್ ಕೊರದ್ರ ಮುಕ್ಕಾಗ್ತದ. ಲೇಥಿನ್ಯಾಗ ಹಿತ್ತಾಳಿ ರಿಂಗ್ ಮಾಡಸ್ರಿ. ಬಿದ್ರಿಯೋರ ಕಡಿಂದ ಬೇಕಾದ್ರ ಮುಂದಿನ ಬೋರ್ಡಿಗಿ ಒಂದು ಬೆಳ್ಳಿ ಬಳ್ಳಿ ಕೂಡಸ್ಕೊಳ್ರಿ 😄

ಬೆಲೋಸ್ (ಲೆನ್ಸಿಗಿ ಹಿಂದಿನ ಚೌಕಟ್ಟಿಗಿ ನಡುವಿನ ಮಡಿಕಿ ಚೀಲ) ಹಳೇದಿದ್ರ ಕತ್ತಲ್ಯಾಗ ಒಳಗ ಮೊಬೈಲ್ ಟಾರ್ಚ್ ಹಚ್ಚಿಟ್ಟು ಹೊರಗಿಂದ ನೋಡ್ರಿ, ಮಡಿಕಿಯ ಮೂಲ್ಯಾಗೇ ತೂತು ಇರ್ತಾವ.

ಯಾದಗಿರಿಯಿಂದ ಒಬ್ಬರು:
ಪೇಪರ್ ಬದಲಿ ಎಕ್ಸ್‌ರೇ ಫಿಲ್ಮ್ ನಡೀತದ ಅಂತಾರಲ್ರಿ ಕಾಕಾ? ಆಸ್ಪತ್ರಿ ಬಲ್ಲಿ ಕೇಳ್ದೆ, ಕೊಟ್ಟಾರ, ಏನ್ ಮಾಡಿದ್ರೂ ಚಿತ್ರ ಬರಲ್ಲ.

ಉತ್ತರ:
ಈಗ ಆಸ್ಪತ್ರ್ಯಾಗ ಪ್ರಿಂಟರಿನ್ಯಾಗ ಹಾಕೋ ಡ್ರೈ ಫಿಲ್ಮ್ ಇರ್ತದಪಾ, ಅದು ನಮ್ಮ ಕೆಲಸಕ್ಕ ಬರಲ್ಲ. ಡೆವಲಪರ್, ಹೈಪೋದಾಗ (ಚಿತ್ರ ಗಟ್ಟಿ ಮಾಡೋ ದ್ರಾವಣ) ತೊಳಿಯೋ ಹಳೇ ನಮೂನಿ ಫಿಲ್ಮ್ ಕೇಳು, 8×10 ಇಂಚಿಂದು ಸಿಗ್ತದ, ಕೆಂಪು ಲೈಟಿನ್ಯಾಗ ಕತ್ತರಿಸ್ಬಹುದು. ಅದಕ್ಕ ಎರಡೂ ಬಾಜೂ ಮಸಾಲಿ ಇರ್ತದ, ಉಗುರು ತಾಕಿದ್ರೂ ಗೀರು ಬೀಳ್ತದ, ಟ್ರೇ ತಳಕ್ಕ ನುಣ್ಣನ ಗಾಜು ಹಾಕಿ ಒಂದೊಂದೇ ತೊಳಿ. ಫಿಲ್ಮ್ ಸ್ಪೀಡ್ (ಐಎಸ್‌ಒ) 50 ಹಿಡದು ಶುರು ಮಾಡು. ಪೇಪರ್ ಆದ್ರ 6 ಹಿಡಿ, ಪಡಸಾಲಿ ನೆರಳಿನ್ಯಾಗ ಎಫ್ 22ಕ್ಕ 3 ಸೆಕೆಂಡ್ ಹತ್ರ ಹತ್ರ ಬರ್ತದ, ಮುಚ್ಚಳಕ್ಕ ಅದು ಸಲೀಸು. ಪೇಪರಿಗಿ ಕೆಂಪು ಕಾಣಲ್ಲ, ನೆನಪಿಡು. ಹಣಿ ಮ್ಯಾಲಿನ ಕುಂಕುಮ ಪ್ರಿಂಟಿನ್ಯಾಗ ಕರ್ರಗ ಬರ್ತದ, ಬೀದರ್ ಕೋಟಿಯ ಕೆಂಪು ಕಲ್ಲೂ ಅಷ್ಟೇ.

ಮತ್ತ ನಮ್ಮ ಕಡಿ ಬ್ಯಾಸಿಗಿ! ಪುಸ್ತಕದಾಗ ಡೆವಲಪರ್ 20 ಡಿಗ್ರಿ ಅಂತಿರ್ತದ, ಏಪ್ರಿಲ್‌ದಾಗ ಮಧ್ಯಾಹ್ನ ಟಾಕಿ ನೀರು ಕೈ ಸುಡ್ತದ, ಅದರಾಗ ಫಿಲ್ಮ್ ಹಾಕಿದ್ರ ಮಸಾಲಿ ಮೆತ್ತಗಾಗಿ ಜಾರಿ ಹೋಗ್ತದ. ರಾತ್ರಿ ಮಾಡು, ಟ್ರೇ ಕೆಳಗ ದೊಡ್ಡ ಪರಾತದಾಗ ಹರವಿ ನೀರು, ಮ್ಯಾಲ ನಾಕು ಐಸ್ ತುಂಡು ಇಡು. ಡೆವಲಪರ್ ಕಲಸ್ಲಾಕ ಬೋರ್ ನೀರು ಬ್ಯಾಡ, ಕ್ಯಾನ್ ನೀರು ಹಾಕು.

ಬೀದರಿನವರು:
ಕೋಟಿ ಒಳಗ ಸ್ಟ್ಯಾಂಡ್ ಹಚ್ಚಿ ತೆಗೀಬಹುದಾ ಸರ್? 1472ರ ಗವಾನ್ ಮದರಸಾದ ಮಿನಾರ ತೆಗೀಬೇಕಂತ ಭಾಳ ಆಸೆ ಅದ.

ಉತ್ತರ:
ಎರಡೂ ಪುರಾತತ್ವ ಇಲಾಖಿದು, ಸ್ಟ್ಯಾಂಡಿಗಿ ಪರವಾನಗಿ ತಗೋಬೇಕು. ಮಿನಾರ ತೆಗಿಯೋವಾಗ ಕ್ಯಾಮೆರಾದ ಮೂತಿ ಮ್ಯಾಲ ಎತ್ತಬ್ಯಾಡ್ರಿ, ಮಿನಾರ ಹಿಂದ ಬಿದ್ದಂಗ ಕಾಣ್ತದ. ಹಿಂದಿನ ಚೌಕಟ್ಟು ನೆಟ್ಟಗಿಟ್ಟು ಲೆನ್ಸ್ ಬೋರ್ಡಷ್ಟೇ ಮ್ಯಾಲ ಸರಸ್ರಿ. ಇಂಥ ಕ್ಯಾಮೆರಾ ಹೊರೋದೇ ಈ ಒಂದು ಸುಖಕ್ಕ.

ಪ್ರಶ್ನೆ ಕೇಳಿದವರು:
ಸರ್, ಗಾಜು ತಿರುವಿ ಹಾಕ್ದೆ, ಪೇಪರ್ ಬೆನ್ನಿಗಿ ಪ್ಲೇಟ್ ಕೊಟ್ಟೆ. ಡಬ್ಬಿ ಮ್ಯಾಲಿನ ಸಣ್ಣ ಅಕ್ಷರ ಸುದ್ದಾ ಬಂದಾವ!! ಈಗ ಅಮ್ಮ ಮತ್ತ ಕೂಡ್ಲಾಕ ಒಲ್ಲೆ ಅಂತಾಳ, ಮೂರು ಸರ್ತಿ ಕೂತಾಳ ಪಾಪ.

ಉತ್ತರ:
ಮುಂಜಾನಿ ಚಹಾ ಆದ ಮ್ಯಾಲ ಕೇಳ್ರಿ. ಈ ಸರ್ತಿ ಪಡಸಾಲ್ಯಾಗ ಎಫ್ 16 ಇಡ್ರಿ, ಒಂದೂವರಿ ಸೆಕೆಂಡ್ ಸಾಕು, ಗೋಡಿಗಿ ತಲಿ ಆನಿಸಿ ಕೂಡಸ್ರಿ. ಮತ್ತ ಆ ಕ್ಯಾಲೆಂಡರ್ ತೆಗದು ಬ್ಯಾರೆ ಕಡಿ ಹಾಕ್ರಿ.