ಫೋರ್‌ಮನ್ 45ನೇ ವಯಸ್ಸಲ್ಲಿ ಗೆದ್ದಿದ್ದು ಬರೀ ಲಕ್ಕಾ?

ಮಂಡ್ಯಹೈದ:
ಗುರುಗಳೇ ಒಂದು ಡೌಟು. ನೆನ್ನೆ ರಾತ್ರಿ ನಿದ್ದೆ ಬರ್ದೆ ಯೂಟ್ಯೂಬ್ ನೋಡ್ತಾ ನೋಡ್ತಾ 1994ರ ಜಾರ್ಜ್ ಫೋರ್‌ಮನ್, ಮೈಕಲ್ ಮೂರರ್ ಹೆವಿವೇಟ್ ಬಾಕ್ಸಿಂಗ್ ಫೈಟು ಸಿಕ್ತು, ಒಂದು ರೌಂಡ್ ನೋಡಿ ಮಲಗೋಣ ಅಂದ್ಕೊಂಡವನು ಪೂರ್ತಿ ನೋಡ್ದೆ. ಫೋರ್‌ಮನ್‌ಗೆ ಆಗ 45, ತಲೆ ಬೋಳು, ಹೊಟ್ಟೆ ಬೇರೆ, ನಮ್ಮೂರಲ್ಲಿ ಹೋಟ್ಲು ಗಲ್ಲಾದಲ್ಲಿ ಕೂತಿರೋ ಯಜಮಾನ್ರ ಥರ ಕಾಣ್ತಾನೆ. ಮೂರರ್‌ಗೆ 26, ಒಂದೂ ಸೋತಿಲ್ಲ, 35ಕ್ಕೆ 35. ಒಂಬತ್ತು ರೌಂಡು ಹುಡುಗ ಹೊಡೀತಾನೇ ಇದಾನೆ, ಇವನ ಕಣ್ಣು ಊದ್ಕೊಂಡಿದೆ, ಹತ್ತನೇ ರೌಂಡಲ್ಲಿ ಇದ್ದಕ್ಕಿದ್ದಂಗೆ ಒಂದು ಬಲಗೈ ಏಟು, ಮೂರರ್ ಅಂಗಾತ! ನನ್ನ ರೂಮ್‌ಮೇಟ್ ನೋಡಿ "ಮಗಾ ಇದು ಫಿಕ್ಸಿಂಗು, ಇಲ್ಲಾಂದ್ರೆ ಲಕ್ಕಿ ಪಂಚು" ಅಂತ ಕೂತವ್ನೆ. ನನಗೆ ಫೋರ್‌ಮನ್ ಅಂದ್ರೆ ಮೊಹಮ್ಮದ್ ಅಲಿ ಕೈಲಿ ಏಟು ತಿಂದವನು ಅಷ್ಟೇ ಗೊತ್ತಿದ್ದಿದ್ದು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ನಾನೂ ಅವನ ಬಾಯಿ ಮುಚ್ಚಿಸಬೇಕು.

ಧಾರವಾಡ_ಮಾಸ್ತರ:
ತಮ್ಮಾ, ಲಕ್ ಅನ್ನಾಕ ಹೋಗಬ್ಯಾಡ. ಹತ್ತನೇ ರೌಂಡ್ ಒಂದ ನೋಡಿದ್ರ ಹಂಗ ಅನಸ್ತೈತಿ, ಖರೆ. ಮೊದಲಿಂದ ಇನ್ನೊಮ್ಮೆ ನೋಡು, ಮೂರರ್‌ನ ಬಿಟ್ಟು ಫೋರ್‌ಮನ್‌ನ ಎರಡೂ ಕೈ ಅಷ್ಟ ನೋಡು. ಮೂರರ್ ಎಡಗೈ ಬಾಕ್ಸರ್, ಹೆವಿವೇಟ್‌ನಾಗ ವರ್ಲ್ಡ್ ಚಾಂಪಿಯನ್ ಆದ ಮೊದಲನೇ ಎಡಚ ಅಂವನ. ಎಡಚನ ಮುಂದ ನಿಂತಾಗ ನೇರ ಬಲಗೈ ಏಟಿಗೆ ದಾರಿ ತೆರದಿರತೈತಿ, ಇದು ಬಾಕ್ಸಿಂಗ್‌ನಾಗ ಹಳೇ ಮಾತು. ಫೋರ್‌ಮನ್ ರೌಂಡ್ ಮ್ಯಾಲೆ ರೌಂಡ್ ಎಡಗೈ ಜಾಬ್ (ಚುಟುಕು ನೇರ ಏಟು) ಚುಚ್ಚಿ ಚುಚ್ಚಿ ಹಿಂದ ಬಲಗೈ ಕಳಸ್ಕೋತ ಹೋಗ್ಯಾನ, ಆದ್ರ ಪೂರ್ತಿ ಜೋರ್ ಹಾಕಿಲ್ಲ. ಹುಡುಗಗ ಏನ್ ಅನಿಸಿರಬೇಕು, ಮುದುಕನ ಬಲಗೈ ಇಷ್ಟ ಐತಿ, ತಡಕೋಬಹುದು ಅಂತ. ಅಂವನ ಕೋಚ್ ಟೆಡ್ಡಿ ಅಟ್ಲಾಸ್ ಎದುರಿಗೆ ನಿಂದ್ರಬ್ಯಾಡ, ಸರಿದಾಡು ಅಂತ ಹೊಯ್ಕೊಂಡದ್ದ ಬಂತು. ನಿಂತ. ಹತ್ತನೇ ರೌಂಡ್‌ನಾಗ ಎಡಗೈ ಹಿಂದ ಬಲಗೈ, ಒಂದ್-ಎರಡು, ಒಂದ್-ಎರಡು, ಕಡೀಕ ಒಂದು ಗಿಡ್ಡ ಬಲಗೈ ಗದ್ದಕ್ಕ ಬಿತ್ತು. ರೌಂಡ್ ಸುರುವಾಗಿ 2 ನಿಮಿಷ 3 ಸೆಕೆಂಡಿಗೆ ಖೇಲ್ ಖತಂ. ಇಬ್ಬರು ಜಡ್ಜ್‌ರ ಲೆಕ್ಕದಾಗ ಫೋರ್‌ಮನ್ 88-83 ಹಿಂದ ಇದ್ದ, ಮೂರನೇದವರ ಲೆಕ್ಕದಾಗ 86-85. ಅಂದ್ರ ನಾಕೌಟ್ ಬಿಟ್ಟು ಬ್ಯಾರೆ ದಾರಿ ಇದ್ದಿದ್ದಿಲ್ಲ.

ಇನ್ನ ಅಂವ ಕೈ ಎರಡೂ ಮುಂದ ಕತ್ರಿ ಹಂಗ ಅಡ್ಡ ಹಿಡಕೊಂಡು ನಿಂದರೋದು ನೋಡಿಯೇನು? ಅದು ಆರ್ಚಿ ಮೂರ್ ಅನ್ನೋ ಹಳೇ ಉಸ್ತಾದ್‌ನ ವಿದ್ಯೆ. ಆರ್ಚಿ ಸ್ವತಃ ನಲವತ್ತು ದಾಟಿದ ಮ್ಯಾಲೂ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದಾಂವ, ಮುದುಕರು ಹೆಂಗ ಬದುಕಬೇಕು ರಿಂಗ್‌ನಾಗ ಅಂತ ಅಂವಗ ಗೊತ್ತು. ಕಾಲು ಓಡೂದಿಲ್ಲ ಅಂದಮ್ಯಾಲೆ ಕೈಲೇ ಗ್ವಾಡಿ ಕಟ್ಟಬೇಕು ನೋಡಪಾ.

ಮಂಡ್ಯಹೈದ:
ಮಾಸ್ತರ್ರೇ ಸೂಪರ್! ಈ ಆ್ಯಂಗಲಲ್ಲಿ ನೋಡೇ ಇರ್ಲಿಲ್ಲ. ಆದ್ರೆ ಇಷ್ಟು ತಾಳ್ಮೆ ಇರೋನು ಅಲಿ ಮುಂದೆ ಯಾಕೆ ಹಂಗೆ ಬಡ್ಕೊಂಡು ಸುಸ್ತಾಗಿ ಬಿದ್ದ?

ಹಳೇಪೇಪರ್:
ಅದಕ್ಕೆ ನಾನು ಹೇಳ್ತೀನಿ, ಯಾಕಂದ್ರೆ ಆ ಕಾಲದೋನು ನಾನು. 74ರಲ್ಲಿ ಹೈಸ್ಕೂಲು, ರೇಡಿಯೋಲಿ ಅಲಿ ಗೆದ್ದ ಅಂತ ಕೇಳಿ ನಮ್ಮಪ್ಪ ಕುಣಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಆಗ ಫೋರ್‌ಮನ್ ಅಂದ್ರೆ ಎಲ್ಲರಿಗೂ ರಾಕ್ಷಸ. ಸುಮ್ನೆ ಅಲ್ಲ, 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್‌ನ, ಅಲಿಯನ್ನೇ ಸೋಲಿಸಿದ್ದ ಫ್ರೇಜಿಯರ್‌ನ, ಎರಡು ರೌಂಡಲ್ಲಿ ಆರು ಸಲ ಕೆಳಗೆ ಕೆಡವಿದ್ದ. ಆಮೇಲೆ ಅಲಿಯ ದವಡೆ ಮುರಿದಿದ್ದ ಕೆನ್ ನಾರ್ಟನ್, ಅವನನ್ನೂ ಎರಡೇ ರೌಂಡಲ್ಲಿ ಮುಗಿಸ್ದ. ಹಿಂಗಾಗಿ ಎಂಟು ಹತ್ತು ರೌಂಡು ಆಡಿ ಅಭ್ಯಾಸಾನೇ ತಪ್ಪೋಗಿತ್ತು, ಬೇಗ ಹೊಡಿ ಮನೆಗೆ ಹೋಗು ಅನ್ನೋದೇ ಪಾಠ. 74ರಲ್ಲಿ ಆಫ್ರಿಕಾದ ಝೈರ್, ಅಂದ್ರೆ ಈಗಿನ ಕಾಂಗೊ ದೇಶದ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ನಿಂತು ಹೊಡಿ ಹೊಡಿ ಅಂದ, ಇವನು ಹೊಡ್ದ ಹೊಡ್ದ, ಐದನೇ ರೌಂಡಿಗೆ ತೋಳು ಸೋತೋಯ್ತು, ಎಂಟನೇ ರೌಂಡಲ್ಲಿ ಮರ ಉರುಳಿದಂಗೆ ಉರುಳ್ದ. 40ಕ್ಕೆ 40 ಗೆದ್ದಿದ್ದವನ ಮೊದಲ ಸೋಲು.

ಇದರಲ್ಲೇ ಒಂದು ನಾಯಿ ಕಥೆ ಇದೆ ಕೇಳಿ. ಫೋರ್‌ಮನ್ ಅಲ್ಲಿಗೆ ಹೋಗುವಾಗ ತನ್ನ ಜರ್ಮನ್ ಶೆಫರ್ಡ್ ನಾಯೀನ ಜೊತೆಗೆ ಕರ್ಕೊಂಡೋದ. ಅಲ್ಲಿನ ಜನಕ್ಕೆ ಆ ಜಾತಿ ನಾಯಿ ಅಂದ್ರೆ ಬೆಲ್ಜಿಯಂನೋರು ಆಳ್ತಿದ್ದಾಗ ಪೊಲೀಸರು ಛೂ ಬಿಡ್ತಿದ್ದ ನಾಯಿ. ಇವನಿಗೆ ಅದರ ಗಂಧಗಾಳಿ ಇಲ್ಲ. ಇಡೀ ಊರು ಅಲಿ ಕಡೆಗೆ ವಾಲ್ತು, ಮೊದಲೇ ವಾಲಿತ್ತು ಬಿಡಿ, ಇದು ಮೇಲಿನ ಒಗ್ಗರಣೆ. ತಮಾಷೆ ಏನಂದ್ರೆ ಇದೇ ಫೋರ್‌ಮನ್ ಹುಡುಗನಾಗಿದ್ದಾಗ ಅಮೆರಿಕದ ಹ್ಯೂಸ್ಟನ್‌ನಲ್ಲಿ ದಾರಿ ಮೇಲೆ ಜನರ ದುಡ್ಡು ಕಿತ್ಕೊಂಡು ಓಡಿ, ಒಂದು ಮನೆ ಅಡಿಗೆ ತೂರಿ, ಪೊಲೀಸ್ ನಾಯಿ ವಾಸನೆ ಹಿಡಿದುಬಿಡುತ್ತೆ ಅಂತ ಮೈಗೆಲ್ಲಾ ಕೊಚ್ಚೆ ಬಳ್ಕೊಂಡು ಮಲಗಿದ್ನಂತೆ. ಇದನ್ನ ಅವನೇ ಎಷ್ಟೋ ಸಲ ಹೇಳ್ಕೊಂಡಿದ್ದಾನೆ.

ಅಲಿನ ನಾನು ನೋಡ್ಲಿಲ್ಲ, 1980ರಲ್ಲಿ ಮದ್ರಾಸಿಗೆ ಬಂದಿದ್ದಾಗ ನಮ್ಮ ಚಿಕ್ಕಪ್ಪ ಹೋಗಿ ನೋಡ್ಕೊಂಡು ಬಂದು ಒಂದು ವರ್ಷ ತಲೆ ತಿಂದ್ರು.

ಹ್ಯೂಸ್ಟನ್_ಅಕ್ಕ:
ಬಾಕ್ಸಿಂಗ್ ನನಗೆ ಅಷ್ಟು ಗೊತ್ತಿಲ್ಲ, ನಾನು ಇಲ್ಲಿಗೆ ಬಂದಾಗ ಫೋರ್‌ಮನ್ ಅಂದ್ರೆ ಅಡುಗೆಮನೆಯ ಕರೆಂಟ್ ಗ್ರಿಲ್ ಮಾರೋ ನಗುಮುಖದ ಅಂಕಲ್. ನಮ್ಮ ಕನ್ನಡದವರ ಮನೆಗಳಲ್ಲೂ ಆ ಗ್ರಿಲ್ ಇರೋದು, ಕೋಳಿ ಸುಡಕ್ಕೆ ಅಂತ ಮಾಡಿದ್ದರಲ್ಲಿ ನಾವು ಪನೀರು, ಆಲೂಗಡ್ಡೆ ಸ್ಯಾಂಡ್‌ವಿಚ್ಚು ಮಾಡ್ತಿದ್ವಿ. ಹತ್ತು ಕೋಟಿಗಿಂತ ಜಾಸ್ತಿ ಮಾರಾಟ ಆಗಿದೆಯಂತೆ, ಬಾಕ್ಸಿಂಗಲ್ಲಿ ದುಡಿದಿದ್ದಕ್ಕಿಂತ ಗ್ರಿಲ್ಲಲ್ಲೇ ಜಾಸ್ತಿ ದುಡಿದ್ರು. ಅದಕ್ಕೆ ಹೆಸರು ಬಳಸೋ ಹಕ್ಕು ಒಂದಕ್ಕೇ 1999ರಲ್ಲಿ ಸುಮಾರು 13.8 ಕೋಟಿ ಡಾಲರ್ ಸಿಕ್ಕಿತು ಅಂದ್ರೆ ನೋಡಿ.

ಆದ್ರೆ ನೀವ್ಯಾರೂ ನಡುವಿನ ಹತ್ತು ವರ್ಷದ ಬಗ್ಗೆ ಹೇಳ್ಲೇ ಇಲ್ವಲ್ಲ? 1977ರಲ್ಲಿ ಪೋರ್ಟೊರಿಕೊದಲ್ಲಿ ಜಿಮ್ಮಿ ಯಂಗ್ ಕೈಲಿ ಸೋತು ಡ್ರೆಸಿಂಗ್ ರೂಮಿಗೆ ಹೋದವರು ಅಲ್ಲಿ ಸತ್ತೇಹೋದೆ ಅನ್ನಿಸಿ ದೇವರನ್ನ ಕೂಗಿದ್ರಂತೆ. ಬಿಸಿಲಿನ ಝಳಕ್ಕೆ ಹಂಗಾಯ್ತು ಅಂತ ಕೆಲವರು, ಅವರು ಮಾತ್ರ ಕೊನೇವರೆಗೂ ದೇವರೇ ಬಂದಿದ್ದು ಅಂದ್ರು. ಗ್ಲೌಸ್ ಬಿಚ್ಚಿಟ್ಟು ಪಾದ್ರಿ ಆದ್ರು, ಇಲ್ಲೇ ಹ್ಯೂಸ್ಟನ್‌ನಲ್ಲಿ ಸಣ್ಣ ಚರ್ಚು, ಆಮೇಲೆ ಬೀದಿ ಹುಡುಗರಿಗೆ ಅಂತ ಒಂದು ಯೂತ್ ಸೆಂಟರು. ತಾನೂ ಫಿಫ್ತ್ ವಾರ್ಡ್ ಅನ್ನೋ ಬಡವರ ಏರಿಯಾದಲ್ಲಿ ಹೊಟ್ಟೆಗಿಲ್ಲದೆ ಬೆಳೆದವರಲ್ವಾ, ಸ್ಕೂಲ್ ಬಿಟ್ಟು, ಬಡ ಹುಡುಗರಿಗೆ ಕೆಲಸ ಕಲಿಸೋ ಸರ್ಕಾರದ ಜಾಬ್ ಕೋರ್ ಸ್ಕೀಮಿಗೆ ಸೇರಿ, ಅಲ್ಲಿ ಡಾಕ್ ಬ್ರಾಡಸ್ ಅನ್ನೋರು ಗ್ಲೌಸ್ ಹಾಕಿಸಿದ್ದಕ್ಕೆ ಉದ್ಧಾರ ಆಗಿದ್ದು. ಅಲ್ಲಿಂದ 19ನೇ ವಯಸ್ಸಿಗೆ 1968ರ ಮೆಕ್ಸಿಕೊ ಒಲಿಂಪಿಕ್ಸ್ ಚಿನ್ನ. ಯೂತ್ ಸೆಂಟರಿಗೆ ದುಡ್ಡು ಸಾಲದೇ ಬಂತು, ಕೈ ಚಾಚೋದಕ್ಕೆ ಮನಸ್ಸಾಗಲಿಲ್ಲ, ಅದಕ್ಕೇ 1987ರಲ್ಲಿ 38ನೇ ವಯಸ್ಸಲ್ಲಿ ಮತ್ತೆ ರಿಂಗಿಗೆ. ಆಗ ತೂಕ 121 ಕಿಲೋ, ಜನ ಬಿದ್ದು ಬಿದ್ದು ನಕ್ಕಿದ್ರು, ಅವರೂ ತಮ್ಮ ಬರ್ಗರ್ ತಿನ್ನೋ ಚಪಲದ ಬಗ್ಗೆ ಜೋಕ್ ಮಾಡ್ಕೊಂಡು ಜೊತೆಗೆ ನಗ್ತಿದ್ರು. ಮೊದಲ ಸಲ ಚಾಂಪಿಯನ್ ಆಗಿದ್ದಾಗ ಯಾರ ಹತ್ರಾನೂ ಮಾತಾಡದ ಸಿಡುಕ ಅಂತೆ, ಇವರೇನಾ ಅವರು ಅನ್ನಿಸುತ್ತೆ.

ಐದು ಗಂಡು ಮಕ್ಕಳಿಗೂ ಜಾರ್ಜ್ ಅಂತಲೇ ಹೆಸರು! ಮನೇಲಿ ಹೆಂಗೆ ಕೂಗ್ತಿದ್ರೋ ದೇವರೇ ಬಲ್ಲ. 2025ರ ಮಾರ್ಚ್ 21ಕ್ಕೆ ತೀರಿಕೊಂಡ್ರು, 76 ಆಗಿತ್ತು.

ಉಪ್ಪುಖಾರ:
ಎಲ್ಲಾರೂ ಸೇರಿ ದೇವರ ಪಟ ಮಾಡ್ಬಿಟ್ರಿ, ನಾನು ಸ್ವಲ್ಪ ಖಾರ ಹಾಕ್ಲಾ? ವಾಪಸ್ ಬಂದ ಮೇಲೆ ಮೊದಮೊದಲು ಅವನು ಹೊಡೆದಿದ್ದು ಯಾರನ್ನ, ಸ್ವಾಮಿ? ಹೆಸರು ಕೇಳದೇ ಇರೋ ಲಡ್ಡು ಪಾರ್ಟಿಗಳನ್ನ ಸಾಲಾಗಿ ನಿಲ್ಲಿಸಿ ಕೆಡವಿದ್ದು. ಆಗಿನ ಚಾಂಪಿಯನ್ ಹೋಲಿಫೀಲ್ಡ್ ಜೊತೆ 1991ರಲ್ಲಿ 12 ರೌಂಡ್ ನಿಂತಿದ್ದು ನಿಜ, ಸೋತ್ರೂ ಮರ್ಯಾದೆ ಬಂತು, ಅದು ಒಪ್ತೀನಿ. ಆದ್ರೆ 1993ರಲ್ಲಿ ಟಾಮಿ ಮಾರಿಸನ್ ಹತ್ರ ಸೋತವನಿಗೆ ಮುಂದಿನ ವರ್ಷ ಡೈರೆಕ್ಟಾಗಿ ಚಾಂಪಿಯನ್ ಜೊತೆ ಫೈಟು ಯಾವ ಲೆಕ್ಕದಲ್ಲಿ? ಟಿಕೆಟ್ ಮಾರಾಟ ಆಗುತ್ತೆ ಅನ್ನೋ ಲೆಕ್ಕದಲ್ಲಿ. ಡಬ್ಲ್ಯುಬಿಎ, ಅಂದ್ರೆ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್, ಒಪ್ಪದೇ ಇದ್ದಿದ್ದಕ್ಕೆ ಕೋರ್ಟಿಗೆ ಬೇರೆ ಹೋದ. ಗೆದ್ದ ಮೇಲೆ ಟೋನಿ ಟಕ್ಕರ್ ಜೊತೆ ಆಡಲ್ಲ ಅಂದಿದ್ದಕ್ಕೆ ಆ ಬೆಲ್ಟ್ ಕಿತ್ಕೊಂಡ್ರು. ಜರ್ಮನಿಯ ಆಕ್ಸೆಲ್ ಶುಲ್ಜ್ ಜೊತೆ 1995ರಲ್ಲಿ ಆಡಿದ್ದು ನೋಡಿ, ಯಾರು ನೋಡಿದ್ರೂ ಶುಲ್ಜ್ ಗೆದ್ದ ಅಂತಾರೆ, ಜಡ್ಜುಗಳು ಇವನಿಗೆ ಕೊಟ್ರು. ಮತ್ತೆ ಆಡು ಅಂದ್ರೆ ಇನ್ನೊಂದು ಸಂಸ್ಥೆಯ ಬೆಲ್ಟೂ ಬಿಟ್ಟುಕೊಟ್ಟ. ರೂಮ್‌ಮೇಟ್‌ಗೆ ಲಕ್ಕು ತೋರಿಸಬೇಕಂದ್ರೆ ಈ ಫೈಟ್ ತೋರಿಸಿ, ಮೂರರ್‌ದಲ್ಲ.

ಧಾರವಾಡ_ಮಾಸ್ತರ:
ಉಪ್ಪುಖಾರ ಅವರ, ಶುಲ್ಜ್ ಮಾತು ಒಪ್ಪಿದೆ, ಬಾಕಿ ಎಲ್ಲಾನೂ ಹೌದು ಅನ್ನಾಕ ಆಗೂದಿಲ್ಲ. ಸಣ್ಣ ಸಣ್ಣ ಮಂದಿ ಜೋಡಿ ಆಡಿದ್ದ ಅಂವನ ಶಾಣ್ಯಾತನ. ಹತ್ತು ವರ್ಷ ತುಕ್ಕು ಹಿಡದ ಮಷೀನು, ಒಮ್ಮೆಲೆ ಟೈಸನ್ ಮುಂದ ನಿಂದ್ರಸ್ತೀರೇನು? ಮತ್ತ ಶುಲ್ಜ್ ಮ್ಯಾಲಿನ ಸಾಲ 1997ರಾಗ ತೀರಿತಲ್ಲ, ಕಡೀ ಫೈಟ್‌ನಾಗ ಶಾನನ್ ಬ್ರಿಗ್ಸ್ ಮ್ಯಾಲೆ ಇಂವ ಗೆದ್ದಾನ ಅಂತ ಮಂದಿ ಅಂದ್ರ ಜಡ್ಜ್‌ರು ಬ್ರಿಗ್ಸ್‌ಗ ಕೊಟ್ರು. 48 ಆಗಿತ್ತು ಆವಾಗ. ಒಟ್ಟು 81 ಫೈಟ್, 76 ಗೆಲುವು, ಅದ್ರಾಗ 68 ನಾಕೌಟ್.

ಒಂದು ಮಾತು ಮರೆತಿದ್ದೆ. ಮೂರರ್ ಮುಂದ ಹಾಕ್ಕೊಂಡ ಆ ಕೆಂಪು ಚಡ್ಡಿ ಐತಲ್ಲ, ಅದು 1974ರಾಗ ಅಲಿ ಮುಂದ ಸೋತಾಗ ಹಾಕ್ಕೊಂಡಿದ್ದ ಚಡ್ಡೀನ. ಇಪ್ಪತ್ತು ವರ್ಷ ಎತ್ತಿ ಇಟ್ಟಿದ್ದ. ಮತ್ತ ಮೂಲ್ಯಾಗ ನಿಂತು ಬುದ್ಧಿ ಹೇಳಾಕತ್ತಿದ್ದಾಂವ ಯಾರು ಗೊತ್ತೇನು, ಆಂಜೆಲೊ ಡಂಡಿ, ಕಿನ್ಶಾಸಾದಾಗ ಅಲಿ ಮೂಲ್ಯಾಗ ಇದ್ದ ಅದ ಮನಶ್ಯಾ.

ಮಂಡ್ಯಹೈದ:
ಅದೇ ಚಡ್ಡೀನಾ?? ರೀ ಮಾಸ್ತರ್ರೇ ಇದನ್ನ ಮೊದಲೇ ಹೇಳೋದಲ್ವಾ! ಈಗ ಆ ವಿಡಿಯೋ ಮತ್ತೆ ಹಾಕ್ಕೊಂಡು ನೋಡ್ದೆ, ಸ್ಪೀಡ್ ಅರ್ಧಕ್ಕಿಟ್ಟು. ನೀವು ಹೇಳಿದ್ದು ಸರಿ, ಮೊದಲಿಂದಾನೇ ಆ ಬಲಗೈ ಹೋಗ್ತಾನೇ ಇದೆ, ನಾನು ನೋಡಿರ್ಲಿಲ್ಲ ಅಷ್ಟೇ. ರೆಫ್ರಿ ಹತ್ತು ಎಣಿಸಿದ ಮೇಲೆ ಎಲ್ಲರೂ ಕುಣೀತಿದ್ರೆ ಇವನು ಮೂಲೇಲಿ ಮಂಡಿಯೂರಿ ಪ್ರಾರ್ಥನೆ ಮಾಡ್ತಾನೆ, ಅದು ಬೇರೆ. ರೂಮ್‌ಮೇಟ್‌ಗೆ ತೋರಿಸ್ದೆ, ಫಿಕ್ಸಿಂಗ್ ಅನ್ನೋದು ಬಿಟ್ಟ, ಈಗ "ಹೊಟ್ಟೆ ಇರೋನಿಗೆ ವರ್ಲ್ಡ್ ಚಾಂಪಿಯನ್ ಆಗಬೋದು ಅಂದ್ರೆ ನಾನ್ಯಾಕೆ ಜಿಮ್‌ಗೆ ಹೋಗ್ಲಿ" ಅಂತಿದಾನೆ, ಏನ್ ಮಾಡದು ಹೇಳಿ. ಅಕ್ಕಾ, ಆ ಗ್ರಿಲ್ಲಲ್ಲಿ ದೋಸೆ ಬರುತ್ತಾ?

ಹ್ಯೂಸ್ಟನ್_ಅಕ್ಕ:
ಬರಲ್ಲ ಕಣಪ್ಪ, ನೋಡಿದ್ದೀನಿ. ಕೊಬ್ಬು ಇಳಿದುಹೋಗಲಿ ಅಂತ ಅದನ್ನ ಇಳಿಜಾರಾಗಿ ಮಾಡಿದ್ದಾರೆ, ಹಿಟ್ಟೆಲ್ಲಾ ಸೀದಾ ಕೆಳಗಿನ ತಟ್ಟೆಗೆ.