ನದಿಗೊಂದು ಆಫೀಸು, ಬೋರಿಗೊಂದು ಆಫೀಸು, ದೇಶದ ನೀರಿನ ಲೆಕ್ಕ ಕೂಡಿಸೋದು ಯಾರು?

ಕೆಂಗೇರಿ_ಬಿಂದಿಗೆ:
ನಮಸ್ಕಾರ ಎಲ್ರಿಗೂ. ಈ ಸಲ ನಮ್ಮ ಅಪಾರ್ಟ್‌ಮೆಂಟ್ ನೀರಿನ ಕಮಿಟಿಗೆ ನಾನು ತಗಲಾಕೊಂಡಿದೀನಿ, ಮೀಟಿಂಗಿಗೆ ಲೇಟಾಗಿ ಹೋಗಿದ್ದೇ ತಪ್ಪಾಯ್ತು. ಕಾವೇರಿ ನೀರಿಗೆ ಒಂದು ಆಫೀಸು, ಅಂತರ್ಜಲ ಎಷ್ಟಿದೆ ಅಂತ ಅಳೆಯೋಕೆ ಇನ್ನೊಂದು, ರಾಜಕಾಲುವೆ ಕೇಳಿದ್ರೆ ಪಾಲಿಕೆ ಕಡೆ ಕೈ ತೋರಿಸ್ತಾರೆ. ಬೆಂಗಳೂರು ಒಂದರಲ್ಲೇ ಹಿಂಗಾದ್ರೆ ಇಡೀ ದೇಶದ ಪ್ಲಾನಿಂಗ್ ಯಾರು ಮಾಡ್ತಾರೆ? 2019ರಲ್ಲಿ ಜಲಶಕ್ತಿ ಅಂತ ಒಂದೇ ಸಚಿವಾಲಯ ಮಾಡಿದ್ರಲ್ಲ, ಆಮೇಲೂ ಯಾಕೆ ಎಲ್ಲಾ ಚೂರುಚೂರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ಫೈಲು:
2019ರಲ್ಲಿ ಸೇರಿಸಿದ್ದು ದೆಹಲಿಯ ಎರಡು ಸಚಿವಾಲಯ ಸಾರ್, ಜಲಸಂಪನ್ಮೂಲದ್ದು ಮತ್ತೆ ಕುಡಿಯೋ ನೀರು-ನೈರ್ಮಲ್ಯದ್ದು. ನೀರು ಮಾತ್ರ ಸಂವಿಧಾನದಲ್ಲಿ ರಾಜ್ಯಪಟ್ಟಿಯ 17ನೇ ನಮೂದಲ್ಲೇ ಇದೆ. ಕೇಂದ್ರಕ್ಕಿರೋದು ಅದರ ಪಟ್ಟಿಯ 56ನೇ ನಮೂದು, ಅಂದ್ರೆ ಅಂತರರಾಜ್ಯ ನದಿಗಳ ನಿಯಂತ್ರಣ, ಅಭಿವೃದ್ಧಿ, ಅದೂ ಸಂಸತ್ತು ಕಾನೂನು ಮಾಡಿದಷ್ಟಕ್ಕೆ. ಆ ಕಾನೂನೂ ಮಾಡಿದ್ರು, 1956ರ ನದಿ ಮಂಡಳಿ ಕಾಯ್ದೆ. ಅದರ ಕೆಳಗೆ ಇವತ್ತಿನವರೆಗೂ ಒಂದೇ ಒಂದು ಮಂಡಳಿ ಹುಟ್ಟಿಲ್ಲ! (ತುಂಗಭದ್ರಾ ಮಂಡಳಿ ಇದೆಯಲ್ಲ ಅಂತ ಯಾರಾದ್ರೂ ಕೇಳ್ತೀರ, ಅದು 1953ರ ಆಂಧ್ರ ರಾಜ್ಯ ಕಾಯ್ದೆಯಿಂದ ಬಂದಿದ್ದು.) ಅದೇ 1956ರಲ್ಲಿ ಬಂದ ಜಲವಿವಾದ ಕಾಯ್ದೆ ಮಾತ್ರ ಸಖತ್ ಓಡ್ತಾ ಇದೆ. ಕೂತು ಪ್ಲಾನ್ ಮಾಡೋ ಕಾಯ್ದೆ ಬೀರುವಲ್ಲಿ, ಜಗಳ ಬಿಡಿಸೋ ಕಾಯ್ದೆ ಬೀದೀಲಿ.

ಪ್ರಧಾನಿ ಅಧ್ಯಕ್ಷತೆಯಲ್ಲಿ ಎಲ್ಲಾ ಮುಖ್ಯಮಂತ್ರಿಗಳೂ ಕೂರೋ ರಾಷ್ಟ್ರೀಯ ಜಲಸಂಪನ್ಮೂಲ ಪರಿಷತ್ತು ಅಂತಾನೂ ಒಂದಿದೆ. ಹುಟ್ಟಿದ್ದು 1983ರಲ್ಲಿ, 2012ರ ಡಿಸೆಂಬರಲ್ಲಿ ನಡೆದಿದ್ದು 6ನೇ ಸಭೆ. ನೀವೇ ಲೆಕ್ಕ ಹಾಕ್ಕೊಳ್ಳಿ, ನಿಮ್ಮ ಅಪಾರ್ಟ್‌ಮೆಂಟ್ ಕಮಿಟಿ ಎಷ್ಟೋ ವಾಸಿ.

ಮದ್ದೂರು_ವಡೆ:
ಎಲ್ಲಾ ದೆಹಲಿ ಕೈಗೆ ಕೊಟ್ರೆ ಸರಿಹೋಗುತ್ತೆ ಅಂತ ಮಾತ್ರ ಹೇಳ್ಬೇಡಿ ಗುರು. ನಾವು ನಾಲೆ ನೀರಿಗೆ ಕಾಯೋರು, ಗೇಟು ಎತ್ತೋದು ಇಳಿಸೋದು ದೂರದ ಮೀಟಿಂಗಲ್ಲಿ ತೀರ್ಮಾನ ಆದ್ರೆ ಏನಾಗುತ್ತೆ ಅಂತ ನೋಡ್ತಾನೇ ಇದೀವಿ. 2018ರಿಂದ ನೀರು ಹಂಚಿಕೆ ನೋಡ್ಕೊಳ್ಳೋಕೆ ಕಾವೇರಿ ಪ್ರಾಧಿಕಾರ ಇದೆ ಅಲ್ವಾ, ಮಳೆ ಚೆನ್ನಾಗಾದ ವರ್ಷ ಯಾರೂ ಅದರ ಹೆಸರೂ ಎತ್ತಲ್ಲ, 2023ರ ಥರ ಮಳೆ ಕೈಕೊಟ್ರೆ ಮಂಡ್ಯದಲ್ಲಿ ರಸ್ತೆ ಬಂದ್. ಬರ ಬಂದಾಗ ಹೆಂಗೆ ಹಂಚ್ಕೋಬೇಕು ಅನ್ನೋದನ್ನ ಕರ್ನಾಟಕ, ತಮಿಳುನಾಡು ಎರಡೂ ಕಡೆಯೋರು ಒಪ್ಪಿ ಮೊದಲೇ ಬರೆದಿಟ್ಕೊಂಡಿಲ್ಲ. ಅದಿಲ್ದೆ ಎಷ್ಟು ಬೋರ್ಡ್ ಮಾಡಿದ್ರೂ ಬೋರ್ಡೇ ಅಷ್ಟೆ, ಗೋಡೆಗೆ ನೇತಾಕ್ಕೊಬೋದು.

ಚರಂಡಿ_ಇಂಜಿನಿಯರಮ್ಮ:
ಹಳೇ ಫೈಲು ಸಾರ್ ಹೇಳಿದ್ದು ಸರಿ, ಆದ್ರೆ ನನ್ ಪ್ರಕಾರ ಯಾರ ಕೈಲಿ ಅಧಿಕಾರ ಅನ್ನೋದಕ್ಕಿಂತ ದೊಡ್ಡ ಎಡವಟ್ಟು ಲೆಕ್ಕದಲ್ಲಿದೆ. ನದಿ ಅಳೆಯೋದು ಕೇಂದ್ರ ಜಲ ಆಯೋಗ, ನೆಲದೊಳಗಿನ ನೀರು ಅಳೆಯೋದು ಕೇಂದ್ರ ಅಂತರ್ಜಲ ಮಂಡಳಿ. ಬೇಸಿಗೇಲಿ ಹೊಳೇಲಿ ಹರಿಯೋದು ನೆಲದಿಂದ ಜಿನುಗಿದ ನೀರೇ ತಾನೇ, ಬೋರು ಹೊಡೆದು ಅದನ್ನ ಎಳ್ಕೊಂಡ್ರೆ ಹೊಳೆ ಒಣಗುತ್ತೆ, ಅರ್ಕಾವತಿಗೆ ಏನಾಯ್ತು ನೋಡಿ. 2016ರಲ್ಲಿ ಕೇಂದ್ರ ಸರ್ಕಾರವೇ ನೇಮಿಸಿದ್ದ ಮಿಹಿರ್ ಶಾ ಸಮಿತಿ ಈ ಎರಡು ಸಂಸ್ಥೆಗಳನ್ನೂ ಸೇರಿಸಿ ರಾಷ್ಟ್ರೀಯ ಜಲ ಆಯೋಗ ಮಾಡಿ ಅಂತು, ಜಲ ಆಯೋಗದ ಒಳಗಿಂದಲೇ ವಿರೋಧ ಬಂತು, ಆಗ್ಲಿಲ್ಲ.

ಬೆಂಗಳೂರಿಗೆ ಇದು ಹೆಂಗೆ ತಟ್ಟುತ್ತೆ ಅಂದ್ರೆ, 2007ರ ಕಾವೇರಿ ತೀರ್ಪಲ್ಲಿ ನ್ಯಾಯಮಂಡಳಿ ನಮ್ಮೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೇಲಿದೆ ಅಂತ ಅಷ್ಟಕ್ಕೇ ಕುಡಿಯೋ ನೀರಿನ ಲೆಕ್ಕ ಹಾಕ್ತು, ಅದರಲ್ಲೂ ಅರ್ಧ ಅಂತರ್ಜಲದಿಂದ ಆಗುತ್ತೆ ಅಂತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪದೆ ಬೆಂಗಳೂರಿಗೆ ಅಂತ 4.75 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಸೇರಿಸ್ತು. ಜೊತೆಗೆ ತಮಿಳುನಾಡಲ್ಲಿ ಅಂತರ್ಜಲ ಇದೆ ಅಂತ ಇನ್ನೊಂದು 10 ಟಿಎಂಸಿ ಕರ್ನಾಟಕಕ್ಕೆ ಬಂತು. ಒಟ್ಟು 14.75. ಹೊಳೆ ನೀರು, ಬೋರ್ ನೀರು ಒಂದೇ ತಕ್ಕಡೀಲಿ ಬಿದ್ದಿದ್ದು ಕೋರ್ಟಲ್ಲಿ, ಯಾವ ಪ್ಲಾನಿಂಗ್ ಆಫೀಸಲ್ಲೂ ಅಲ್ಲ.

ಇನ್ನೊಂದು ತಮಾಷೆ. ಕುಡಿಯೋಕೆ ತಗೊಂಡ ನೀರಲ್ಲಿ 20% ಮಾತ್ರ ಖರ್ಚು, ಮಿಕ್ಕಿದ್ದು ನದಿಗೆ ವಾಪಸ್ ಬರುತ್ತೆ ಅನ್ನೋ ಲೆಕ್ಕ ಆ 2007ರ ತೀರ್ಪಲ್ಲಿದೆ. ಕೆಂಗೇರಿಯೋರು ಫ್ಲಶ್ ಮಾಡಿದ್ದು ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಕಾವೇರಿ ಸೇರುತ್ತೆ, ಸರಿ. ಆದ್ರೆ ಕೋರಮಂಗಲ, ಹೆಬ್ಬಾಳದ ಕಡೆಯದು ಇಳಿಯೋದು ದಕ್ಷಿಣ ಪಿನಾಕಿನಿ ನದಿಗೆ, ಅದು ಕಾವೇರಿ ಸೇರೋದೇ ಇಲ್ಲ, ಅದರಲ್ಲೂ ಒಂದಷ್ಟು ಈಗ ಶುದ್ಧೀಕರಿಸಿ ಪಂಪ್ ಹೊಡೆದು ಕೋಲಾರದ ಕೆರೆಗಳಿಗೆ ಕಳಿಸ್ತಾರೆ. ಕೋಲಾರಕ್ಕೆ ಅದು ಬೇಕೇ ಬೇಕು, ನಾನು ಬೇಡ ಅಂತಿಲ್ಲ. ಆದ್ರೆ ಒಂದೇ ನೀರು ಒಂದು ಪುಸ್ತಕದಲ್ಲಿ ಕಾವೇರಿಗೆ ವಾಪಸ್, ಇನ್ನೊಂದರಲ್ಲಿ ಕೋಲಾರದ ಅಂತರ್ಜಲ.

ಮದ್ದೂರು_ವಡೆ:
ಅಂದ್ರೆ ನೀವು ಸ್ನಾನ ಮಾಡಿದ ನೀರಿಗೂ ಟಿಎಂಸಿ ಲೆಕ್ಕ ಇದೆ ಅನ್ನಿ 😂

ಕೆಂಗೇರಿ_ಬಿಂದಿಗೆ:
ಥ್ಯಾಂಕ್ಸ್ ಮೇಡಂ, ಇದನ್ನೇ ಭಾನುವಾರದ ಮೀಟಿಂಗಲ್ಲಿ ಹೇಳ್ತೀನಿ. ನಮ್ಮ ಬೋರಿಗೆ ಮೀಟರೇ ಇಲ್ಲ, ಎಷ್ಟು ಎತ್ತುತೀವಿ ಅಂತ ಸೆಕ್ಯುರಿಟಿ ಅಣ್ಣಂಗೂ ಗೊತ್ತಿಲ್ಲ. ಮೀಟರ್ ಹಾಕ್ಸೋಣ ಅಂದ್ರೆ ಟ್ರೆಷರರ್ ಸಾಹೇಬ್ರು "ಅಳೆದು ಏನ್ ಮಾಡ್ತೀರ" ಅಂತಾರೆ.

ಹಳೇ_ಫೈಲು:
ಅವರನ್ನ ದೆಹಲಿಗೆ ಕಳಿಸಿ ಸಾರ್, ಕೆಲಸ ಗ್ಯಾರಂಟಿ.